ಹರಿತ ಯಾಕೆ ನಿಲ್ಲುತ್ತಿಲ್ಲ? ಮನೆಯಲ್ಲಿ ಮಾಡಿದ ಚಾಕುವಿನ ದೋಷ ಹುಡುಕುವ ಬಗೆ

ನಾನು ಮಾಡಿದ ಮೂರನೇ ಚಾಕುವನ್ನು ಅಮ್ಮನಿಗೆ ಕೊಟ್ಟೆ. ಐದೂವರೆ ಇಂಚಿನ ಅಲುಗು, ಹಲಸಿನ ಮರದ ಹಿಡಿ. ಕೊಟ್ಟ ದಿನ ಕಾಗದವನ್ನು ಸರ್ರನೆ ಸೀಳುತ್ತಿತ್ತು. ಮೂರನೇ ದಿನ ಅಡುಗೆಮನೆಯಿಂದ ಕೂಗು ಬಂತು: "ನೋಡು ಬಾರೋ, ಟೊಮೆಟೊ ಸಿಪ್ಪೆ ಮೇಲೆ ಜಾರ್ತಾ ಇದೆ." ಮಸೆದು ಕೊಟ್ಟೆ. ಮತ್ತೆ ಮೂರು ದಿನ. ಮತ್ತೆ ಮಸೆದೆ. ಹೀಗೇ ಒಂದು ತಿಂಗಳು ಹೋಯಿತು. ಕಲ್ಲು ಬದಲಿಸಿದೆ, ಹಿಡಿಯುವ ಕೋನ ಬದಲಿಸಿದೆ, ಚರ್ಮದ ಬೆಲ್ಟಿನ ಮೇಲೆ ಉಜ್ಜಿದೆ. ಮೂರು ದಿನ ಮಾತ್ರ ನಾಲ್ಕಾಗಲಿಲ್ಲ.

ಕೊನೆಗೆ ಪಕ್ಕದ ಊರಿನ ಕುಲುಮೆಗೆ ಒಯ್ದೆ. ಅಲ್ಲಿನ ಅಜ್ಜ ಮಸೆಯುವ ಮಾತೇ ಎತ್ತಲಿಲ್ಲ. ಒಂದು ಹಳೇ ಅರ (ಲೋಹ ಉಜ್ಜುವ ಫೈಲ್) ತಗೊಂಡು ಚಾಕುವಿನ ಬಾಯಿಯ ಮೇಲೆ ಮೆಲ್ಲಗೆ ಒಂದು ಸಲ ಎಳೆದರು. ಅರ ಕರ್ ಅಂತ ಕಚ್ಚಿಕೊಂಡಿತು. ಬೆರಳಿನ ಮೇಲೆ ಬೂದು ಪುಡಿ ಉದುರಿತು. "ಇದು ಹದ ಹಿಡಿದೇ ಇಲ್ಲ ಮಾರಾಯ. ಎಷ್ಟು ಮಸೆದ್ರೂ ಅಷ್ಟೇ" ಅಂದರು.

ಹದ ಅಂದ್ರೆ ಕೆಂಪಗೆ ಕಾಯಿಸಿದ ಅಲುಗನ್ನು ಎಣ್ಣೆಗೆ ಅದ್ದಿ ಗಟ್ಟಿ ಮಾಡುವುದು, ಆಮೇಲೆ ಓವನ್ನಿನಲ್ಲಿ ಕಾಯಿಸಿ ಅದರ ಬಿರುಸು ಇಳಿಸುವುದು. ಒಂದು ತಿಂಗಳು ನಾನು ಬಾಯಿಯಲ್ಲಿ ಹುಡುಕಿದ ದೋಷ ಬೆಂಕಿಯಲ್ಲಿತ್ತು. ಚಾಕುವಿನ ದೋಷಗಳು ಬಹುಪಾಲು ಹೀಗೇ. ಕಾಣಿಸಿಕೊಳ್ಳುವುದು ಕೊನೆಯ ಹಂತದಲ್ಲಿ, ಹುಟ್ಟುವುದು ಎರಡು ಮೂರು ಹಂತ ಹಿಂದೆ. ಅದಕ್ಕೇ ಈ ಬರಹ ಹಿಂದಕ್ಕೆ ನಡೆಯುತ್ತದೆ. ಚಾಕು ಈಗ ಏನು ಮಾಡುತ್ತಿದೆ ಅನ್ನುವುದರಿಂದ ಶುರು ಮಾಡಿ, ತಪ್ಪು ಎಲ್ಲಿ ಆಯಿತು ಅನ್ನುವಲ್ಲಿಗೆ ಹೋಗೋಣ. ನಾನು ಮಾತಾಡುತ್ತಿರುವುದು ಸಣ್ಣ ಏರ್ಪಾಡಿನ ಬಗ್ಗೆ: ಗುಜರಿಯ ಲಾರಿ ಸ್ಪ್ರಿಂಗ್ ಪಟ್ಟಿ, ನಾಲ್ಕು ಇಂಚಿನ ಆ್ಯಂಗಲ್ ಗ್ರೈಂಡರ್, ಇದ್ದಿಲಿನ ಪುಟ್ಟ ಒಲೆ, ಗಾಳಿಗೆ ಹಳೇ ಹೇರ್ ಡ್ರೈಯರ್, ಒಂದು ಡಬ್ಬಿ ಎಣ್ಣೆ, ಅಡುಗೆಮನೆಯ ಓಟಿಜಿ ಓವನ್.

ಪರೀಕ್ಷೆಗೆ ಬೇಕಾಗುವುದು ಇಷ್ಟೇ. ಒಂದು ಒಳ್ಳೆಯ ಅರ, ಕಂಬಿಗೆ ಕಟ್ಟಿದ ಅಯಸ್ಕಾಂತ, ಕಪ್ಪು ಮಾರ್ಕರ್ ಪೆನ್, ಭೂತಗನ್ನಡಿ, ಬೆರಳಿನಷ್ಟು ದಪ್ಪದ ಹಿತ್ತಾಳೆ ಕಂಬಿ. ಜೊತೆಗೆ ಒಂದು ನೋಟ್‌ಬುಕ್. ನೋಟ್‌ಬುಕ್ ಇಲ್ಲದಿದ್ದರೆ ಯಾವ ಚಾಕುವಿಗೆ ಏನು ಮಾಡಿದೆ ಅಂತ ಎರಡನೇ ವಾರಕ್ಕೆ ಮರೆತುಹೋಗುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಒಳ್ಳೆಯ ಮಾಸ್ಕ್ ಇಲ್ಲದೆ ಗ್ರೈಂಡರ್ ಸ್ವಿಚ್ ಒತ್ತಬೇಡಿ. ಎಣ್ಣೆ ಡಬ್ಬಿಗೆ ಬಿಗಿಯಾದ ಲೋಹದ ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಮುಚ್ಚಳ ಹಾಕಬೇಕು, ನೀರು ಖಂಡಿತ ಹಾಕಬಾರದು. ಸತು ಲೇಪಿಸಿದ ಜಿಐ ಪೈಪು, ತಗಡು ಒಲೆಯ ಹತ್ತಿರ ಸುಳಿಯಬಾರದು, ಅದರ ಹೊಗೆ ವಿಷ.

ಮಸೆದರೂ ಹರಿತ ನಿಲ್ಲುತ್ತಿಲ್ಲ

ಮೊದಲು ಸುಲಭದ ಕಾರಣ ತೆಗೆದುಹಾಕೋಣ. ಬಾಯಿಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನಿಜವಾಗಿ ಹರಿತವಾದ ಬಾಯಿ ಬೆಳಕನ್ನು ತಿರುಗಿಸಿ ಕಳಿಸುವುದಿಲ್ಲ. ಎಲ್ಲಿ ಬಿಳಿ ಗೆರೆ ಮಿನುಗುತ್ತದೋ ಅಲ್ಲಿ ಮೊಂಡಾಗಿದೆ ಅಥವಾ ಮಡಚಿಕೊಂಡಿದೆ ಅಂತ ಅರ್ಥ. ಈಗ ಬೆರಳಿನ ಉಗುರನ್ನು ಬೆನ್ನಿನ ಕಡೆಯಿಂದ ಬಾಯಿಯ ಆಚೆಗೆ ಮೆಲ್ಲಗೆ ಜಾರಿಸಿ, ಎರಡೂ ಬದಿ. ಒಂದು ಬದಿಯಲ್ಲಿ ಉಗುರಿಗೆ ಏನೋ ತಡೆದ ಹಾಗಾದರೆ ಅದು ಬರ್, ಮಸೆಯುವಾಗ ಉಳಿದ ತೆಳು ತಂತಿಯಂಥ ಅಂಚು. ಈ ತಂತಿ ಕಾಗದವನ್ನು ಚೆನ್ನಾಗಿಯೇ ಕತ್ತರಿಸುತ್ತದೆ. ಸಂಜೆಯೊಳಗೆ ಮಡಚಿಕೊಳ್ಳುತ್ತದೆ. ನುಣ್ಣನೆಯ ಕಲ್ಲಿನಲ್ಲಿ ಒತ್ತಡವೇ ಹಾಕದೆ ಒಂದು ಸಲ ಈ ಬದಿ, ಒಂದು ಸಲ ಆ ಬದಿ ಎಳೆದರೆ, ಆಮೇಲೆ ಬೆಲ್ಟಿಗೆ ಉಜ್ಜಿದರೆ ಹೋಗುತ್ತದೆ. ಬರ್ ತೆಗೆದ ಮೇಲೆ ಹರಿತ ವಾರಗಟ್ಟಲೆ ನಿಂತರೆ ನಿಮ್ಮ ಕೆಲಸ ಇಲ್ಲಿಗೆ ಮುಗಿಯಿತು.

ನಿಲ್ಲಲಿಲ್ಲ ಅಂದ್ರೆ ಅರ ತಗೊಳ್ಳಿ. ಬಾಯಿಯ ಬುಡದಲ್ಲಿ, ನಡುವೆ, ತುದಿಯಲ್ಲಿ, ಮೂರೂ ಕಡೆ ಮೆಲ್ಲಗೆ ಎಳೆಯಿರಿ. ಒತ್ತುವುದು ಬೇಡ. ಹದ ಹಿಡಿದ ಉಕ್ಕಿನ ಮೇಲೆ ಅರ ಗಾಜಿನ ಮೇಲೆ ಜಾರಿದ ಹಾಗೆ ಕೀರ್ ಅಂತ ಜಾರುತ್ತದೆ. ಓವನ್ನಿನಲ್ಲಿ ಕಾಯಿಸಿ ಮುಗಿದ ಚಾಕುವಿನಲ್ಲಿ ಒತ್ತಿದರೆ ಒಂಚೂರು ಹಿಡಿಯಬಹುದು, ಅದು ತಪ್ಪಲ್ಲ. ಆದರೆ ಒತ್ತದೆಯೇ ಕಚ್ಚಿ ಪುಡಿ ಉದುರಿದರೆ ಅದು ಮೆದು. ಎಲ್ಲಿ ಮೆದು ಅನ್ನುವುದರಲ್ಲೇ ಅರ್ಧ ಉತ್ತರ ಇದೆ. ತುದಿ ಮಾತ್ರ ಮೆದುವಾಗಿದ್ದರೆ ಗ್ರೈಂಡರ್‌ನಲ್ಲಿ ಸುಟ್ಟಿದ್ದೀರಿ. ಬುಡ ಮಾತ್ರ ಮೆದುವಾಗಿದ್ದರೆ ಒಲೆಯಲ್ಲಿ ಆ ಭಾಗ ಕಾದಿಲ್ಲ. ಮೊದಲ ಎರಡು ಎಳೆತಕ್ಕೆ ಕಚ್ಚಿ, ಆಮೇಲೆ ಜಾರಲು ಶುರುವಾದರೆ ಖುಷಿಪಡಿ. ಬೆಂಕಿಯಲ್ಲಿ ಮೇಲ್ಪದರದ ಇಂಗಾಲ ಸುಟ್ಟುಹೋಗಿದೆ ಅಷ್ಟೇ, ಒಳಗೆ ಗಟ್ಟಿ ಉಕ್ಕಿದೆ. ಆ ತೆಳು ಪದರ ಸಾಣೆ ಹಿಡಿದು ತೆಗೆದರೆ ಸಾಕು.

ಉದ್ದಕ್ಕೂ ಮೆದುವಾಗಿದ್ದರೆ? ನನ್ನದು ಇದೇ ಆಗಿತ್ತು. ಇಲ್ಲಿಂದ ಮುಂದೆ ಸ್ವಲ್ಪ ತಾಳ್ಮೆ ಬೇಕು.

ಉಕ್ಕು ಹದ ಹಿಡಿಯುವ ಜಾತಿಯದೇ?

ಪಟ್ಟಿಯಿಂದ ಚಾಕು ಕತ್ತರಿಸುವಾಗ ಉಳಿದ ತುಂಡುಗಳನ್ನು ಯಾವತ್ತೂ ಎಸೆಯಬೇಡಿ. ರೋಗ ಹುಡುಕಲು ಅದೇ ಬೇಕು. ಒಂದು ತುಂಡನ್ನು ಒಲೆಯಲ್ಲಿ ಕಿತ್ತಳೆ ಬಣ್ಣಕ್ಕೆ ಕಾಯಿಸಿ ನೀರಿಗೆ ಅದ್ದಿ. ಪರೀಕ್ಷೆಗೆ ಮಾತ್ರ ನೀರು, ಚಾಕುವಿಗಲ್ಲ. ಆರಿದ ಮೇಲೆ ವೈಸ್‌ನಲ್ಲಿ ಕಚ್ಚಿಸಿ, ಮೇಲೆ ದಪ್ಪ ಬಟ್ಟೆ ಸುತ್ತಿ, ಕನ್ನಡಕ ಹಾಕಿಕೊಂಡು ಸುತ್ತಿಗೆಯಲ್ಲಿ ಒಂದು ಏಟು ಕೊಡಿ. ಪಟ್ ಅಂತ ಮುರಿದರೆ ಇಂಗಾಲ ಸಾಕಷ್ಟಿದೆ. ಸುಮ್ನೆ ಬಾಗಿದರೆ ಆ ಪಟ್ಟಿಯಿಂದ ಯಾವ ಕಾಲಕ್ಕೂ ಚಾಕು ಆಗುವುದಿಲ್ಲ, ಬೇರೆ ಪಟ್ಟಿ ತನ್ನಿ.

ಮನೆ ಕಟ್ಟುವ ಟಿಎಂಟಿ ಕಂಬಿ, ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ಪಟ್ಟಿ, ಆ್ಯಂಗಲ್ ಎಲ್ಲ ಬಾಗುವ ಜಾತಿ. ಅವುಗಳಲ್ಲಿ ಇಂಗಾಲ ನೂರಕ್ಕೆ 0.3ನ್ನೂ ಮುಟ್ಟುವುದಿಲ್ಲ. ಲಾರಿ, ಜೀಪಿನ ಸ್ಪ್ರಿಂಗ್ ಪಟ್ಟಿಗಳಲ್ಲಿ ಸುಮಾರು 0.5ರಿಂದ 0.65 ಇರುತ್ತದೆ. ಕಾರ್ಖಾನೆಯವರ ಭಾಷೆಯಲ್ಲಿ ಇಎನ್ 45, 65ಎಸ್‌ಐ7, ಎಸ್‌ಯುಪಿ 9 ಅನ್ನುವ ಹೆಸರುಗಳು ಇವಕ್ಕೇ. ದೊಡ್ಡ ಬೇರಿಂಗಿನ ಉಂಗುರ ಇಎನ್ 31, ಅದರಲ್ಲಿ ಇಂಗಾಲ 1ರ ಹತ್ತಿರ. ಹಳೇ ಅರದಲ್ಲೂ ಅಷ್ಟೇ ಇರುತ್ತದೆ ಅಥವಾ ಇನ್ನೂ ಜಾಸ್ತಿ. ಹ್ಯಾಕ್ಸಾ ಬ್ಲೇಡ್ ನೋಡಿ ಮೋಸಹೋಗುವವರು ಬಹಳ ಜನ. ಈಗ ಬರುವ ಬೈಮೆಟಲ್ ಬ್ಲೇಡಿನಲ್ಲಿ ಹಲ್ಲಿನ ಅಂಚು ಮಾತ್ರ ಗಟ್ಟಿ ಉಕ್ಕು. ಹಲ್ಲು ಉಜ್ಜಿ ತೆಗೆದ ಮೇಲೆ ಉಳಿಯುವುದು ಬಳುಕುವ ಬೆನ್ನು.

ಗ್ರೈಂಡರ್‌ನ ಕಿಡಿಯೂ ಹೇಳುತ್ತದೆ. ಎಂಎಸ್‌ನ ಕಿಡಿ ಉದ್ದ ಗೆರೆಯಾಗಿ ಹಾರಿ ಸುಮ್ಮನೆ ಆರುತ್ತದೆ. ಇಂಗಾಲ ಜಾಸ್ತಿ ಇದ್ದರೆ ಗೆರೆ ಚಿಕ್ಕದು, ತುದಿಯಲ್ಲಿ ಸುರುಸುರುಬತ್ತಿಯ ಹಾಗೆ ಒಡೆದು ಚಿಕ್ಕ ಚಿಕ್ಕ ನಕ್ಷತ್ರ ಚೆಲ್ಲುತ್ತದೆ. ಅಕ್ಕಪಕ್ಕ ಒಂದು ಅರ, ಒಂದು ಟಿಎಂಟಿ ತುಂಡು ಇಟ್ಟುಕೊಂಡು ಮಬ್ಬು ಬೆಳಕಿನಲ್ಲಿ ಹೋಲಿಸಿ ನೋಡಿದರೆ ಕಣ್ಣು ಬೇಗ ಕಲಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇಲ್ಲೇ ಹೇಳಿಬಿಡುತ್ತೇನೆ. "ಸ್ಪ್ರಿಂಗ್ ಪಟ್ಟಿ ಹೇಗೂ ಗಟ್ಟಿ ಇದೆಯಲ್ಲ, ಹಾಗೇ ಉಜ್ಜಿ ಚಾಕು ಮಾಡಿದರೆ ಸಾಲದಾ?" ಸಾಲದು. ಬಳುಕಿ ವಾಪಸ್ ಬರುವಷ್ಟಕ್ಕೆ ಅದರ ಹದ ಇಳಿಸಿರುತ್ತಾರೆ. ಗಡಸುತನ ಅಳೆಯುವ ರಾಕ್‌ವೆಲ್ ಲೆಕ್ಕದಲ್ಲಿ ಅದು ಸುಮಾರು 45. ಅಡುಗೆ ಚಾಕುವಿಗೆ 57ರಿಂದ 60 ಬೇಕು. ಮತ್ತೆ ಕಾಯಿಸಿ ಎಣ್ಣೆಗೆ ಅದ್ದಲೇಬೇಕು.

ಬೆಂಕಿ, ನಡಿಗೆ, ಎಣ್ಣೆ

ನನ್ನ ತುಂಡು ಪಟ್ ಅಂತ ಮುರಿಯಿತು. ಅಂದ್ರೆ ಉಕ್ಕು ಸರಿ ಇತ್ತು. ಉಳಿದಿದ್ದು ಕಾಯಿಸಿದ ರೀತಿ ಮತ್ತು ತಣಿಸಿದ ರೀತಿ.

ನಾನು ಅಯಸ್ಕಾಂತವನ್ನು ನಂಬಿದ್ದೆ. ಕಬ್ಬಿಣ ಸುಮಾರು 770 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಬಿಟ್ಟ ಕೂಡಲೇ ತೆಗೆದು ಎಣ್ಣೆಗೆ ಅದ್ದುತ್ತಿದ್ದೆ. ಸ್ಪ್ರಿಂಗ್ ಉಕ್ಕಿಗೆ ಅದು ಸಾಲದು, ಅದರಲ್ಲೂ ಸಿಲಿಕಾನ್ ಜಾಸ್ತಿ ಇರುವ ಪಟ್ಟಿಗೆ ಇನ್ನೂ ಸಾಲದು. 830ರಿಂದ 880ರ ತನಕ ಹೋಗಬೇಕು, ಅಲ್ಲಿ ಎರಡು ಮೂರು ನಿಮಿಷ ನಿಲ್ಲಬೇಕು. ಅಯಸ್ಕಾಂತ ಬಿಟ್ಟಿತು ಅಂದ್ರೆ "ಹತ್ತಿರ ಬಂದೆ" ಅಂತಷ್ಟೇ ಅರ್ಥ.

ಮನೆಯಲ್ಲಿ ಥರ್ಮಾಮೀಟರ್ ಇಲ್ಲದೆ 830 ಹೇಗೆ ತಿಳಿಯುವುದು? ಅಡುಗೆ ಉಪ್ಪು ಕರಗುವುದು 801 ಡಿಗ್ರಿಗೆ. ಪರೀಕ್ಷೆಯ ತುಂಡಿನ ಮೇಲೆ ಒಂದು ಚಿಟಿಕೆ ಉಪ್ಪು ಹಾಕಿ. ಮೊದಲು ಚಟಪಟ ಸಿಡಿಯುತ್ತದೆ, ಹಾಗಾಗಿ ಮುಖ ದೂರ ಇರಲಿ. ಉಳಿದ ಕಾಳುಗಳು ಬೆಳ್ಳಗೆ ಕೂತಿರುತ್ತವೆ. ಒಂದು ಕ್ಷಣದಲ್ಲಿ ಅವು ಬೆವರಿದ ಹಾಗೆ ಒದ್ದೆಯಾಗಿ ಹರಡುತ್ತವೆ. ಆ ಕ್ಷಣದ ಬಣ್ಣವನ್ನು ಕಣ್ತುಂಬ ನೋಡಿಕೊಳ್ಳಿ. ಅದಕ್ಕಿಂತ ಒಂದು ಛಾಯೆ ಮೇಲೆ ನಿಮಗೆ ಬೇಕಾದ ಕಾವು. ನಾಲ್ಕು ತುಂಡಿನಲ್ಲಿ ಅಭ್ಯಾಸ ಮಾಡಿದರೆ ಚಾಕುವಿಗೆ ಉಪ್ಪು ಬೇಕಾಗುವುದಿಲ್ಲ. ಉಪ್ಪು ತಾಗಿದ ತುಂಡು ಬೇಗ ತುಕ್ಕು ಹಿಡಿಯುತ್ತದೆ, ಆಮೇಲೆ ತೊಳೆದಿಡಿ.

ಈ ಕೆಲಸ ಮುಸ್ಸಂಜೆಯಲ್ಲಿ ಮಾಡಿ, ಯಾವಾಗಲೂ ಅದೇ ಜಾಗದಲ್ಲಿ ಮಾಡಿ. ಬಿಸಿಲಿನಲ್ಲಿ ಕೆಂಪು ಉಕ್ಕು ಮಂಕಾಗಿ ಕಾಣುತ್ತದೆ, ಇನ್ನೂ ಕಾದಿಲ್ಲ ಅಂದುಕೊಂಡು ಜಾಸ್ತಿ ಕಾಯಿಸಿಬಿಡುತ್ತೀರಿ. ಮಬ್ಬಿನಲ್ಲಿ ನಿಧಾನಕ್ಕೆ ಕಾಯಿಸಿದರೆ ಇನ್ನೊಂದು ಚೆಂದದ ಗುರುತು ಕಾಣುತ್ತದೆ. ಕೆಂಪಾದ ಅಲುಗಿನೊಳಗೆ ಮೋಡದ ನೆರಳಿನಂಥದ್ದು ಒಂದು ಓಡಾಡುತ್ತದೆ. ಉಕ್ಕು ಒಳಗೊಳಗೇ ರೂಪ ಬದಲಿಸುತ್ತಾ ಶಾಖ ಹೀರಿಕೊಳ್ಳುವ ಜಾಗ ಅದು. ನೆರಳು ತೆಳ್ಳನೆಯ ಬಾಯಿಯಿಂದ ಹಿಂದೆ ಸರಿದು ಬೆನ್ನಿನಲ್ಲೂ ಮಾಯವಾದ ಮೇಲೆ ಅಲುಗು ಪೂರ್ತಿ ಒಂದೇ ಬಣ್ಣಕ್ಕೆ ಬರುತ್ತದೆ. ನಾನು ಮೊದಲ ಸಲ ಅದನ್ನು ಕಂಡಾಗ ಗಾಳಿ ಊದುವುದನ್ನೇ ನಿಲ್ಲಿಸಿ ನೋಡುತ್ತಾ ಕೂತಿದ್ದೆ.

ಈಗ ನನ್ನ ಪರೀಕ್ಷೆಗೆ ಬರುತ್ತೇನೆ. ಅದೇ ಪಟ್ಟಿಯ ನಾಲ್ಕು ತುಂಡು ಕತ್ತರಿಸಿದೆ, ಒಂದೊಂದೂ ಎರಡು ಇಂಚು. ಚಾಕುವಿನ ಹಾಗೇ ಒಂದು ಅಂಚನ್ನು 1 ಮಿಲಿಮೀಟರ್‌ಗೆ ತೆಳ್ಳಗೆ ಮಾಡಿದೆ. ಪ್ರತಿ ತುಂಡಿಗೂ ಒಂದೇ ಒಂದು ವಿಷಯ ಬದಲಿಸಬೇಕು ಅಂತ ನಿರ್ಧಾರ ಮಾಡಿದೆ.

ಮೊದಲನೆಯದು ಹಳೇ ಪದ್ಧತಿ. ಅಯಸ್ಕಾಂತ ಬಿಟ್ಟ ಕೂಡಲೇ ಎಣ್ಣೆಗೆ. ಅರ ಎಲ್ಲ ಕಡೆ ಕಚ್ಚಿತು. ಎರಡನೆಯದಕ್ಕೆ ಉಪ್ಪು ಕರಗಿ ಒಂದು ಛಾಯೆ ಮೇಲೆ ಹೋಗುವ ತನಕ ಕಾಯಿಸಿದೆ, ಉಳಿದದ್ದೆಲ್ಲ ಹಾಗೇ. ಬೆನ್ನಿನ ಮೇಲೆ ಅರ ಜಾರಿತು. ತೆಳು ಅಂಚಿನಲ್ಲಿ ಮಾತ್ರ ಅಲ್ಲಲ್ಲಿ ಇನ್ನೂ ಕಚ್ಚುತ್ತಿತ್ತು. ಗಟ್ಟಿಯಾಗಬೇಕಾದ ಜಾಗವೇ ಮೆದು! ಇದು ಯಾಕೆ ಅಂತ ಹೊಳೆಯಲು ಒಂದು ದಿನ ಬೇಕಾಯಿತು. ಬೆಂಕಿಯ ಹೆದರಿಕೆಯಿಂದ ನಾನು ಎಣ್ಣೆ ಡಬ್ಬಿಯನ್ನು ಜಗಲಿಯ ಆ ತುದಿಯಲ್ಲಿ ಇಟ್ಟಿದ್ದೆ. ಒಲೆಯಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಆ ನಾಲ್ಕು ಹೆಜ್ಜೆಯಲ್ಲಿ ದಪ್ಪ ಬೆನ್ನು ಕೆಂಪಾಗೇ ಇರುತ್ತದೆ, 1 ಮಿಲಿಮೀಟರ್‌ನ ಅಂಚು ಗಾಳಿಗೇ ಆರಿಬಿಡುತ್ತದೆ. ಮೂರನೇ ತುಂಡಿಗೆ ಡಬ್ಬಿಯನ್ನು ಕೈಗೆಟುಕುವಲ್ಲಿ ಇಟ್ಟೆ. ಅರ ಉದ್ದಕ್ಕೂ ಕೀರ್ ಅಂತ ಜಾರಿತು. ನಾಲ್ಕನೆಯದಕ್ಕೆ ಎಣ್ಣೆಯನ್ನು 55 ಡಿಗ್ರಿಗೆ ಬೆಚ್ಚಗೆ ಮಾಡಿದೆ. ಅರಕ್ಕೆ ವ್ಯತ್ಯಾಸ ತಿಳಿಯಲಿಲ್ಲ. ಆದರೂ ಬೆಚ್ಚಗಿನ ಎಣ್ಣೆ ತೆಳ್ಳಗಾಗಿ ಅಲುಗಿನ ಸುತ್ತ ಸಲೀಸಾಗಿ ಹರಿಯುತ್ತದೆ, ಸಮನಾಗಿ ತಣಿಸುತ್ತದೆ. ಚಳಿಗಾಲದ ಬೆಳಗ್ಗೆ ಇದು ಬೇಕೇ ಬೇಕು.

ನಾಲ್ಕು ತುಂಡಿಗೆ ಒಂದು ಭಾನುವಾರ ಹೋಯಿತು, ಮಸೆಯುತ್ತಾ ಒಂದು ತಿಂಗಳು ಹೋಗಿತ್ತು. ಎರಡು ವಿಷಯ ಒಟ್ಟಿಗೆ ಬದಲಿಸಿದ್ದರೆ ಚಾಕು ಸರಿಯಾಗುತ್ತಿತ್ತೋ ಏನೋ, ಆ ನಾಲ್ಕು ಹೆಜ್ಜೆ ಮಾತ್ರ ನನಗೆ ಗೊತ್ತಾಗುತ್ತಿರಲಿಲ್ಲ.

ಎಣ್ಣೆ ಯಾವುದು ಅಂದ್ರೆ, ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ ಸಾಕು. ನಾಲ್ಕೈದು ಲೀಟರ್ ಇರಲಿ, ಕಡಿಮೆಯಾದರೆ ಬೇಗ ಬಿಸಿಯೇರುತ್ತದೆ. ಹಳೇ ಎಂಜಿನ್ ಆಯಿಲ್ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಅಲುಗನ್ನು ನೇರವಾಗಿ ಇಳಿಸಿ, ಈರುಳ್ಳಿ ಹೆಚ್ಚುವ ದಿಕ್ಕಿನಲ್ಲಿ ಹಿಂದೆ ಮುಂದೆ ಆಡಿಸಿ. ಬಿಸಿ ಅಲುಗಿನ ಸುತ್ತ ಆವಿಯ ಪರದೆ ಕಟ್ಟುತ್ತದೆ, ಅದು ಒಡೆಯಬೇಕು. ಹುಟ್ಟು ಹಾಕುವ ಹಾಗೆ ಅಡ್ಡಕ್ಕೆ ಬೀಸಿದರೆ ಅಲುಗು ಬಾಗುತ್ತದೆ.

ಎಲ್ಲ ಸರಿಯಾಗಿ ಗಟ್ಟಿಯಾಗಿ, ಆಮೇಲೆ ಮೆದುವಾದರೆ ತಪ್ಪು ಓವನ್ನಿನದು. ಎಣ್ಣೆಯಿಂದ ಬಂದ ಅಲುಗು ಗಾಜಿನಷ್ಟು ಬಿರುಸು. ಅದನ್ನು 200 ಡಿಗ್ರಿಯಲ್ಲಿ ಎರಡು ಗಂಟೆ, ಆರಿಸಿ ಮತ್ತೆ ಎರಡು ಗಂಟೆ ಕಾಯಿಸಬೇಕು. ಓಟಿಜಿಯ ತಿರುಪು ತೋರಿಸುವ ಅಂಕಿಯನ್ನು ನಂಬಬೇಡಿ, ಒಳಗೆ ಒಂದು ಓವನ್ ಥರ್ಮಾಮೀಟರ್ ಇಡಿ. ಒಂದು ತಟ್ಟೆ ಒಣ ಮರಳಿನಲ್ಲಿ ಅಲುಗನ್ನು ಹುಗಿದರೆ ಕಾವು ಏರಿಳಿಯುವುದಿಲ್ಲ. ಜೊತೆಗೆ ಎಮರಿ ಪೇಪರ್‌ನಲ್ಲಿ ಫಳಫಳ ಉಜ್ಜಿದ ಒಂದು ತುಂಡನ್ನು ಮರಳಿನ ಮೇಲೆ ಇಡಿ. ಅದು ಒಣ ಭತ್ತದ ಹುಲ್ಲಿನ ಬಣ್ಣಕ್ಕೆ ಬಂದರೆ ಸರಿ. ಬೆಲ್ಲದ ಕಂದು ಬಂದರೆ 250ರ ಹತ್ತಿರ ಹೋಗಿದೆ. ನೇರಳೆ ಹಣ್ಣಿನ ಬಣ್ಣ, ಆಮೇಲೆ ನವಿಲಿನ ನೀಲಿ ಬಂದರೆ 280, 300 ಮುಟ್ಟಿದೆ. ಅಡುಗೆ ಚಾಕುವಿಗೆ ಅದು ಮೆದುವಾಯಿತು.

ಬಾಯಿ ಚೂರು ಚೂರಾಗಿ ಹಲ್ಲು ಬೀಳುತ್ತಿದೆ

ಇದು ಮೆದುವಿನ ಉಲ್ಟಾ ರೋಗ. ಹಿತ್ತಾಳೆ ಕಂಬಿಯನ್ನು ವೈಸ್‌ಗೆ ಕಚ್ಚಿಸಿ. ಮಸೆಯುವ ಕೋನದಲ್ಲೇ ಬಾಯಿಯನ್ನು ಅದರ ಮೇಲೆ ಒತ್ತಿ ಎಳೆಯಿರಿ. ಬಾಯಿ ಸಣ್ಣಗೆ ಉಬ್ಬುವುದು ಕಣ್ಣಿಗೇ ಕಾಣುತ್ತದೆ. ಉಬ್ಬಿ ವಾಪಸ್ ಬಂದರೆ ಹದ ಸರಿ. ಉಬ್ಬಿದ್ದು ಹಾಗೇ ಉಳಿದರೆ ಮೆದು. ಚೂರು ಎದ್ದರೆ ಬಿರುಸು. ಬಿರುಸಾಗಿದ್ದರೆ ಓವನ್ನಿನ ಕಾವನ್ನು 15 ಡಿಗ್ರಿ ಏರಿಸಿ ಇನ್ನೊಂದು ಸುತ್ತು ಕೊಟ್ಟು ಮತ್ತೆ ಪರೀಕ್ಷಿಸಿ.

ಎರಡು ಸಲ ಏರಿಸಿದರೂ ಹಲ್ಲು ಬೀಳುತ್ತಿದ್ದರೆ ಓವನ್ ಬಿಟ್ಟು ಹಿಂದಕ್ಕೆ ನಡೆಯಿರಿ. ಅಲುಗಿನ ಜೊತೆ ಕಾಯಿಸಿದ್ದ ತುಂಡನ್ನು ಮುರಿದು ಒಳಮೈ ನೋಡಿ. ಚಿರೋಟಿ ರವೆಯ ಹಾಗೆ, ಇನ್ನೂ ನುಣ್ಣಗೆ, ಬೂದು ಮಖಮಲ್ಲಿನ ಹಾಗಿದ್ದರೆ ಒಳ್ಳೆಯದು. ಸಕ್ಕರೆ ಹರಳಿನ ಹಾಗೆ ಮಿನುಗಿದರೆ ಉಕ್ಕನ್ನು ಜಾಸ್ತಿ ಕಾಯಿಸಿದ್ದೀರಿ, ಹರಳು ದಪ್ಪವಾಗಿದೆ. ಓವನ್ ಇದನ್ನು ಸರಿ ಮಾಡುವುದಿಲ್ಲ. ಅಲುಗನ್ನು ಅಯಸ್ಕಾಂತ ಬಿಟ್ಟ ಮೇಲೆ ಸ್ವಲ್ಪವೇ ಮೇಲಕ್ಕೆ ಕಾಯಿಸಿ, ಗಾಳಿಯಲ್ಲಿ ಕಪ್ಪಾಗುವ ತನಕ ಆರಿಸಿ. ಹೀಗೆ ಮೂರು ಸಲ, ಪ್ರತಿ ಸಲ ಕಾವು ಒಂಚೂರು ಕಡಿಮೆ. ಹರಳು ಮತ್ತೆ ಸಣ್ಣದಾಗುತ್ತದೆ. ಆಮೇಲೆ ಮೊದಲಿನಿಂದ ಎಣ್ಣೆ, ಓವನ್.

ಜಾಸ್ತಿ ಕಾವು ಉಕ್ಕನ್ನು ಕೆಡಿಸುವುದು ದೊಡ್ಡ ದೊಡ್ಡ ಕಮ್ಮಾರರಿಗೂ ಪಾಠ ಕಲಿಸಿದೆ. ದಕ್ಷಿಣ ಭಾರತದ ಮೂಸೆ ಉಕ್ಕನ್ನು ಯುರೋಪಿನವರು ವೂಟ್ಜ್ ಅಂತ ಕರೆದರು. 1795ರಲ್ಲಿ ಇಂಗ್ಲಿಷ್ ವೈದ್ಯ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಪ್ರಬಂಧ ಅದರ ಬಗ್ಗೆಯೇ. ನಮ್ಮ 'ಉಕ್ಕು' ಅನ್ನುವ ಮಾತೇ ಅವರ ಬಾಯಲ್ಲಿ 'ವೂಟ್ಜ್' ಆಯಿತು ಅಂತ ಬಹಳ ಜನ ವಿದ್ವಾಂಸರು ಹೇಳುತ್ತಾರೆ. ಅದರಲ್ಲಿ ಇಂಗಾಲ ನೂರಕ್ಕೆ 1ಕ್ಕಿಂತ ಜಾಸ್ತಿ. ಯುರೋಪಿನ ಕಮ್ಮಾರರು ತಮ್ಮ ಕಬ್ಬಿಣಕ್ಕೆ ರೂಢಿಯಾದ ಬಿಳಿ ಕಾವಿಗೆ ಅದನ್ನು ಕಾಯಿಸಿ ಬಡಿದಾಗ ಸುತ್ತಿಗೆಯ ಕೆಳಗೆ ಪುಡಿಪುಡಿಯಾಯಿತು. ನಮ್ಮವರು ಅದನ್ನು ಕಡಿಮೆ ಕಾವಿನಲ್ಲಿ, ತಾಳ್ಮೆಯಿಂದ ಬಡಿಯುತ್ತಿದ್ದರು. ಅರ, ಬೇರಿಂಗಿನಿಂದ ಚಾಕು ಮಾಡುವವರು ಇದನ್ನು ನೆನಪಿಡಿ. ಇಂಗಾಲ ಜಾಸ್ತಿ ಇದ್ದಷ್ಟೂ ಬೆಂಕಿಯ ಹತ್ತಿರ ಎಚ್ಚರ ಜಾಸ್ತಿ ಬೇಕು.

ಎಣ್ಣೆಯಲ್ಲಿ 'ಟಿಣ್' ಅಂತ ಸದ್ದು ಬಂತು

ಬಿರುಕು ಬಿಟ್ಟಿದೆ. ಸದ್ದು ಕೇಳದಿದ್ದರೂ ಅನುಮಾನ ಇದ್ದರೆ ಅಲುಗನ್ನು ದಾರದಲ್ಲಿ ತೂಗಿಸಿ ತಟ್ಟಿ ನೋಡಿ, ಸಂತೆಯಲ್ಲಿ ಮಡಕೆ ತಟ್ಟಿ ನೋಡಿದ ಹಾಗೆ. ಒಡೆದಿದ್ದರೆ ನಾದ ಸತ್ತಿರುತ್ತದೆ. ಬಿರುಕು ಎಲ್ಲಿ ಅಂತ ತಿಳಿಯಲು ಸೀಮೆಎಣ್ಣೆ ಹಚ್ಚಿ, ಐದು ನಿಮಿಷ ಬಿಟ್ಟು ಚೆನ್ನಾಗಿ ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ. ಒಳಗೆ ಇಳಿದ ಸೀಮೆಎಣ್ಣೆ ಮತ್ತೆ ಮೇಲಕ್ಕೆ ಒಸರಿ ಬಿಳಿ ಪುಡಿಯಲ್ಲಿ ಕೂದಲಿನಂಥ ಗೆರೆ ಮೂಡುತ್ತದೆ.

ಇದಕ್ಕೆ ಔಷಧಿ ಇಲ್ಲ. ತುದಿಯ ಹತ್ತಿರ ಇದ್ದರೆ ಕತ್ತರಿಸಿ ಚಿಕ್ಕ ಚಾಕು ಮಾಡಬಹುದು. ನಡುವೆ ಇದ್ದರೆ ಬಿಟ್ಟುಬಿಡಿ, ಯಾರ ಕೈಗೂ ಕೊಡಬೇಡಿ. ಕಾರಣ ಮಾತ್ರ ಹುಡುಕಿ, ಮುಂದಿನದು ಉಳಿಯುತ್ತದೆ. ನೀರಿಗೆ ಅದ್ದಿದಿರಾ? ಬಾಯಿಯನ್ನು 1 ಮಿಲಿಮೀಟರ್‌ಗಿಂತ ತೆಳ್ಳಗೆ ಮಾಡಿ ಅದ್ದಿದಿರಾ? ಅಲುಗು ಹಿಡಿಗೆ ಸೇರುವ ಮೂಲೆ ಚೂಪಾಗಿದೆಯೇ? ಆ ಮೂಲೆ ಗುಂಡಗಿರಬೇಕು. ಗ್ರೈಂಡರ್‌ನ ಒರಟು ಗೀರುಗಳು ಬಾಯಿಗೆ ಅಡ್ಡಲಾಗಿ ಉಳಿದಿವೆಯೇ? ಅದ್ದಿದ ಮೇಲೆ ರಾತ್ರಿಯಿಡೀ ಹಾಗೇ ಬಿಟ್ಟು ಮರುದಿನ ಓವನ್ನಿಗೆ ಇಟ್ಟಿರಾ? ಅಲುಗು ಕೈಯಲ್ಲಿ ಹಿಡಿಯುವಷ್ಟು ಆರಿದ ಕೂಡಲೇ ಓವನ್ನಿಗೆ ಹೋಗಬೇಕು. ಇದ್ಯಾವುದೂ ಅಲ್ಲ ಅಂದ್ರೆ ಪಟ್ಟಿಯಲ್ಲೇ ಬಿರುಕಿತ್ತು. ವರ್ಷಗಟ್ಟಲೆ ಲಾರಿಯ ಭಾರ ಹೊತ್ತ ಪಟ್ಟಿ ಅದು. ಮುಂದಿನ ಸಲ ಕತ್ತರಿಸುವ ಮೊದಲೇ ಸೀಮೆಸುಣ್ಣದ ಪರೀಕ್ಷೆ ಮಾಡಿ.

ಅಲುಗು ಬಾಗಿದೆ

ಎಣ್ಣೆಯಿಂದ ತೆಗೆದ ಮೊದಲ ಅರ್ಧ ನಿಮಿಷ ಅಲುಗು ಇನ್ನೂ ಬಿಸಿ ಇರುತ್ತದೆ, ಪೂರ್ತಿ ಬಿರುಸಾಗಿರುವುದಿಲ್ಲ. ಚರ್ಮದ ಗ್ಲೌಸ್ ಹಾಕಿ ಎರಡು ಮರದ ಹಲಗೆ ನಡುವೆ ಒತ್ತಿದರೆ ನೆಟ್ಟಗಾಗುತ್ತದೆ. ತಣ್ಣಗಾದ ಮೇಲೆ ಕೈ ಹಾಕಿದರೆ ಮುರಿಯುತ್ತದೆ, ನನ್ನ ಎರಡನೇ ಚಾಕು ಹೋಗಿದ್ದೇ ಹಾಗೆ. ಆಗ ಒಂದು ಸುತ್ತು ಓವನ್ ಮುಗಿಸಿ, ಎರಡನೇ ಸುತ್ತಿಗೆ ದಪ್ಪ ಕಬ್ಬಿಣದ ಪಟ್ಟಿಗೆ ಕ್ಲ್ಯಾಂಪ್ ಮಾಡಿ ಇಡಿ. ಉಬ್ಬಿದ ಬದಿ ಮೇಲೆ ಬರಲಿ. ಬಾಗಿದ ಜಾಗದ ಎರಡೂ ಕಡೆ ಅಲುಗಿನ ಕೆಳಗೆ ಒಂದೊಂದು ರೂಪಾಯಿ ನಾಣ್ಯ ಇಟ್ಟು, ನಡುವೆ ಒತ್ತಿ, ಇದ್ದ ಬಾಗಿಗೆ ಉಲ್ಟಾ ದಿಕ್ಕಿನಲ್ಲಿ ಸ್ವಲ್ಪ ಜಾಸ್ತಿಯೇ ಬಾಗಿಸಿ ಕಟ್ಟಿ. ಒಂದೇ ಸಲಕ್ಕೆ ಪೂರ್ತಿ ನೆಟ್ಟಗಾಗದಿದ್ದರೆ ಇನ್ನೊಂದು ಸುತ್ತು. ಅವಸರ ಬೇಡ.

ಬಾಗುವುದು ಪದೇ ಪದೇ ಆಗುತ್ತಿದ್ದರೆ ಎರಡು ಬದಿ ಸಮನಾಗಿ ಉಜ್ಜಿದ್ದೀರಾ ಅಂತ ಕ್ಯಾಲಿಪರ್ ಹಿಡಿದು ನೋಡಿ. ಬಹುತೇಕ ಅಲ್ಲೇ ಸಿಗುತ್ತದೆ.

ಗಟ್ಟಿ ಇದೆ, ಕಾಗದ ಸೀಳುತ್ತದೆ, ಆದರೂ ತರಕಾರಿ ಹೆಚ್ಚಲಾಗುತ್ತಿಲ್ಲ

ಗಜ್ಜರಿ ಹೆಚ್ಚಿ ನೋಡಿ. ಚಾಕು ಅರ್ಧ ಇಳಿದಾಗ ಟಕ್ ಅಂತ ಗಜ್ಜರಿ ಸೀಳಿಕೊಂಡರೆ ಅಲುಗು ಬೆಣೆಯಾಗಿದೆ. ಹೊಸಬರು ಮಾಡುವ ಬಹುಪಾಲು ಚಾಕುಗಳ ದೋಷ ಇದು. ಕಾರಣವೂ ಸಹಜ. ಸ್ಪ್ರಿಂಗ್ ಪಟ್ಟಿ 6ರಿಂದ 8 ಮಿಲಿಮೀಟರ್ ದಪ್ಪ ಬರುತ್ತದೆ. ಉಜ್ಜಿ ಉಜ್ಜಿ ಕೈ ಸೋತು ಇಷ್ಟು ಸಾಕು ಅನಿಸುತ್ತದೆ. ಅಡುಗೆ ಚಾಕುವಿನ ಬೆನ್ನು 2ರಿಂದ 3 ಮಿಲಿಮೀಟರ್ ಸಾಕು. ಹದ ಆದ ಮೇಲೆ, ಮಸೆಯುವ ಮೊದಲು ಬಾಯಿಯ ದಪ್ಪ ಅರ್ಧ ಮಿಲಿಮೀಟರ್‌ಗಿಂತ ಕಡಿಮೆ ಇರಬೇಕು. ಪಟ್ಟಿಯನ್ನು ಮೊದಲೇ ಕುಲುಮೆಯಲ್ಲಿ ಬಡಿಸಿ ತೆಳ್ಳಗೆ ಮಾಡಿಸಿಕೊಳ್ಳಿ. ಕೂಲಿ ಕೊಟ್ಟರೂ ನಷ್ಟವಿಲ್ಲ, ಅಲ್ಲಿ ನಿಂತು ನೋಡಿ ಕಲಿಯುವುದು ಬೇರೆ ಸಿಗುತ್ತದೆ.

ಮಸೆಯುವ ಕೋನ ತಪ್ಪಿದೆಯೇ ಅಂತ ತಿಳಿಯಲು ಬಾಯಿಯ ಇಳಿಜಾರಿಗೆ ಮಾರ್ಕರ್ ಬಳಿದು ಕಲ್ಲಿಗೆ ಎರಡು ಸಲ ಎಳೆಯಿರಿ. ಕಪ್ಪು ಮೇಲ್ಗಡೆ ಮಾತ್ರ ಅಳಿಸಿದರೆ ಕಲ್ಲು ಬಾಯಿಗೆ ತಾಗುತ್ತಲೇ ಇಲ್ಲ. ತುದಿಯಂಚು ಮಾತ್ರ ಅಳಿಸಿದರೆ ಬೆನ್ನು ಜಾಸ್ತಿ ಎತ್ತಿದ್ದೀರಿ. 40 ಮಿಲಿಮೀಟರ್ ಅಗಲದ ಅಲುಗಿಗೆ ಬೆನ್ನನ್ನು 10 ಮಿಲಿಮೀಟರ್ ಎತ್ತಿದರೆ ಸುಮಾರು 15 ಡಿಗ್ರಿ ಸಿಗುತ್ತದೆ, 14 ಎತ್ತಿದರೆ 20.

ಹದ ಆದ ಮೇಲೆ ಸಾಣೆ ಹಿಡಿಯುವಾಗ ಗ್ಲೌಸ್ ಬೇಡ, ಬರಿಗೈಯಲ್ಲಿ ಹಿಡಿಯಿರಿ. ಬೆರಳಿಗೆ ಬಿಸಿ ತಾಗಿದ ಕೂಡಲೇ ನೀರಿಗೆ ಅದ್ದಿ. ತುದಿಯಲ್ಲಿ ನೀಲಿ ಮಚ್ಚೆ ಕಂಡಿತು ಅಂದ್ರೆ ಆ ಜಾಗದ ಹದ ಹೋಯಿತು. ಆಮೇಲೆ ನೀರು ಹಾಕಿ ಪ್ರಯೋಜನವಿಲ್ಲ. ಆ ಭಾಗ ಪೂರ್ತಿ ಉಜ್ಜಿ ತೆಗೆಯಬೇಕು, ಇಲ್ಲವೇ ಇಡೀ ಅಲುಗನ್ನು ಮತ್ತೆ ಹದ ಮಾಡಬೇಕು.

ಹಿಡಿ ಅಲ್ಲಾಡುತ್ತಿದೆ, ತುಕ್ಕು ಬರುತ್ತಿದೆ

ಹಿಡಿ ಬಿಡುವುದಕ್ಕೆ ಕಾರಣ ಬಹುತೇಕ ಎಣ್ಣೆಯ ಜಿಡ್ಡು ಅಥವಾ ಹಸಿ ಮರ. ಮಳೆಗಾಲದಲ್ಲಿ ಅಂಟಿಸಿದ ಹಲಸು ಬೇಸಿಗೆಯಲ್ಲಿ ಕುಗ್ಗುತ್ತದೆ. ಮರಗೆಲಸದವರ ಹತ್ತಿರ ಹಳೇ ಕಿಟಕಿ, ಬಾಗಿಲಿನ ತುಂಡು ಕೇಳಿ, ಅದು ವರ್ಷಗಟ್ಟಲೆ ಒಣಗಿರುತ್ತದೆ. ಬೀಟೆ ಮರದ ಪುಡಿ ಮೂಗು, ಚರ್ಮ ಎರಡಕ್ಕೂ ಕಿರಿಕಿರಿ, ಮಾಸ್ಕ್ ಇರಲಿ. ಅಂಟಿಸುವ ಮೊದಲು ಉಕ್ಕು, ಮರ ಎರಡನ್ನೂ ಒರಟು ಎಮರಿಯಲ್ಲಿ ಗೀರಿ, ಉಕ್ಕನ್ನು ಥಿನ್ನರ್‌ನಲ್ಲಿ ಒರೆಸಿ. ಅರಾಲ್ಡೈಟ್‌ನ ಎರಡೂ ಭಾಗ ಸಮ ಅಳತೆಯಲ್ಲಿ ಕಲಸಿ. ಕ್ಲ್ಯಾಂಪನ್ನು ವಿಪರೀತ ಬಿಗಿದರೆ ಅಂಟೆಲ್ಲ ಹೊರಗೆ ಬರುತ್ತದೆ. ಒಂದು ಹಗಲು ಒಂದು ರಾತ್ರಿ ಮುಟ್ಟಬೇಡಿ. ಅಂಟು ಎಷ್ಟೇ ಒಳ್ಳೆಯದಿರಲಿ, ಎರಡು ಹಿತ್ತಾಳೆ ಪಿನ್ನು ಹಾಕಿ.

ಈ ಉಕ್ಕು ಸ್ಟೇನ್‌ಲೆಸ್ ಅಲ್ಲ. ಹುಣಸೆ, ನಿಂಬೆ ತಾಗಿದರೆ ಬೂದು ನೀಲಿ ಬಣ್ಣಕ್ಕೆ ತಿರುಗುತ್ತದೆ. ಅದು ದೋಷವಲ್ಲ, ಉಜ್ಜಬೇಡಿ. ಕೆಂಪು ಬಂದರೆ ಮಾತ್ರ ತುಕ್ಕು. ತೊಳೆದ ಕೂಡಲೇ ಒರೆಸಿ, ಮಳೆಗಾಲದಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಡಿ. ಹಾಗೇ ಅಳತೆಯ ಒಂದು ಮಾತು. ಮನೆಗೆಲಸ, ಕೃಷಿಯಂಥ ಬಳಕೆಗಲ್ಲದೆ 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲುಗು ಮಾಡಿದರೆ ಅದು 2016ರ ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಕಲಿಯುವವರಿಗೆ ಐದಾರು ಇಂಚಿನ ಅಡುಗೆ ಚಾಕುವೇ ಸರಿಯಾದ ಅಳತೆ.

ಅಮ್ಮನ ಚಾಕುವಿನ ಹಿಡಿಯನ್ನು ಒಡೆದು ತೆಗೆದೆ. ಅಂಟು ಇರುವ ಅಲುಗನ್ನು ಬೆಂಕಿಗೆ ಇಡಬಾರದು. ಮೂರು ಸಲ ಕಾಯಿಸಿ ಗಾಳಿಯಲ್ಲಿ ಆರಿಸಿ, ಮತ್ತೆ ಹದ ಮಾಡಿದೆ. ಎಣ್ಣೆಯಿಂದ ತೆಗೆದಾಗ ತುದಿ ಒಂಚೂರು ಎಡಕ್ಕೆ ವಾಲಿತ್ತು, ಹಲಗೆ ನಡುವೆ ಒತ್ತಿ ನೆಟ್ಟಗೆ ಮಾಡಿದೆ. ನೋಟ್‌ಬುಕ್ಕಿನಲ್ಲಿ ಆ ಪುಟ ಹೀಗಿದೆ: "ಚಾಕು 3, ಎರಡನೇ ಸಲ. ಮುಸ್ಸಂಜೆ. ಉಪ್ಪಿನ ಬಣ್ಣಕ್ಕಿಂತ ಒಂದು ಛಾಯೆ ಮೇಲೆ, 3 ನಿಮಿಷ. ಡಬ್ಬಿ ಒಲೆಯ ಪಕ್ಕ. ಎಣ್ಣೆ 55. ಅರ ಮೂರೂ ಕಡೆ ಜಾರಿತು. 200ಕ್ಕೆ 2 ಗಂಟೆ, ಎರಡು ಸಲ. ಹಿತ್ತಾಳೆ ಕಂಬಿ: ಉಬ್ಬಿ ವಾಪಸ್. ಹೊಸ ಹಿಡಿ, ಹಳೇ ಕಿಟಕಿಯ ಹಲಸು." ಅದರ ಕೆಳಗೆ ಬೇರೆ ಶಾಯಿಯಲ್ಲಿ: "ಟೊಮೆಟೊ, ಐದನೇ ವಾರ. ಇನ್ನೂ ಮಸೆದಿಲ್ಲ."